ಮಳೆ ವ್ಯತ್ಯಾಸದ ಮ್ಯಾಪಲ್ಲಿ ವಾಡಿಕೆಗಿಂತ ಜಾಸ್ತಿ ಮಳೆ ಬಂದ ತಾಲೂಕೂ ಕಂದು ಬಣ್ಣದಲ್ಲಿ ಬರ್ತಿದೆ, ಯಾಕೆ?

ನೀವು ಹೇಳಿರೋದು ಇಷ್ಟು: ಹಾಸನ ಜಿಲ್ಲೆ ತಾಲೂಕುಗಳಲ್ಲಿ ವಾಡಿಕೆ ಮಳೆಗಿಂತ ಶೇಕಡಾ ಎಷ್ಟು ಹೆಚ್ಚು ಕಮ್ಮಿ ಅಂತ ಪೈಥಾನಲ್ಲಿ ಮ್ಯಾಪ್ ಮಾಡಿದೀರ, ಕಂದು-ಬಿಳಿ-ನೀಲಿಹಸಿರು ಸ್ಕೇಲ್ (ಬಿಆರ್‌ಬಿಜಿ) ಹಾಕಿದೀರ, ಅರಸೀಕೆರೆ -40, ಸಕಲೇಶಪುರ +110, ಆಲೂರು +5, ಆದ್ರೂ ಆಲೂರು ಕಂದು ತೋರಿಸ್ತಿದೆ. ನಾನೂ ಹಾಸನದವನೇ, ಇದೇ ಥರದ ಮ್ಯಾಪ್ ಕೆಲಸ ಮಾಡ್ತೀನಿ, ಹಾಗಾಗಿ ಸ್ವಲ್ಪ ಉದ್ದವಾಗೇ ಬರೀತೀನಿ.

ಮ್ಯಾಟ್‌ಪ್ಲಾಟ್‌ಲಿಬ್‌ಗೆ (ಪೈಥಾನಲ್ಲಿ ಮ್ಯಾಪ್, ಗ್ರಾಫ್ ಬರೆಯೋ ಲೈಬ್ರರಿ) ನಿಮ್ಮ ಸೊನ್ನೆ ಅಂದ್ರೆ ವಾಡಿಕೆ ಅಂತ ಗೊತ್ತಿಲ್ಲ ಕಣ್ರೀ, ಅದು ಡೇಟಾದಲ್ಲಿರೋ ಅತಿ ಚಿಕ್ಕ ಸಂಖ್ಯೆ ಅತಿ ದೊಡ್ಡ ಸಂಖ್ಯೆ ಎರಡನ್ನ ತಗೊಂಡು ಸರಿಯಾಗಿ ನಡುವೆ ಬಿಳಿ ಇಡತ್ತೆ. -40ಕ್ಕೂ 110ಕ್ಕೂ ನಡು 35. 35ಕ್ಕಿಂತ ಕೆಳಗಿರೋದೆಲ್ಲ ಕಂದು ಕಡೆ, ಅದ್ರಲ್ಲಿ ಆಲೂರೂ ಬಂತು. ನಡುವಿನ ಬಣ್ಣ ಎಲ್ಲಿ ಕೂರಬೇಕು ಅಂತ ನೀವೇ ಹೇಳ್ಬೇಕು.

ಹುಡುಕಿದ್ರೆ ಎಲ್ರೂ ಟೂಸ್ಲೋಪ್‌ನಾರ್ಮ್ ಹಾಕಿ ಅಂತಾರೆ, ಯಾವ ಸಂಖ್ಯೆಗೆ ಯಾವ ಬಣ್ಣ ಅಂತ ಹೇಳೋ ಮ್ಯಾಟ್‌ಪ್ಲಾಟ್‌ಲಿಬ್ ಆಯ್ಕೆ ಅದು (ಹಳೇ ಕೋಡಲ್ಲಿ ಡೈವರ್ಜಿಂಗ್‌ನಾರ್ಮ್ ಅಂತಿರತ್ತೆ, ಮ್ಯಾಟ್‌ಪ್ಲಾಟ್‌ಲಿಬ್ 3.2ರಲ್ಲಿ ಹೆಸರು ಬದಲಾಯ್ತು). ಹಾಕಿದ್ರೆ ಬಿಳಿ ಸೊನ್ನೆ ಮೇಲೆ ಬರತ್ತೆ ನಿಜ, ಆದ್ರೆ ಎರಡೂ ಕಡೆ ಬೇರೆ ಬೇರೆ ಅಳತೆಲಿ ಎಳೆಯತ್ತೆ, ಅಂದ್ರೆ ಅರಸೀಕೆರೆಯ -40 ಎಷ್ಟು ಕಡು ಕಂದೋ ಸಕಲೇಶಪುರದ +110 ಅಷ್ಟೇ ಕಡು ನೀಲಿಹಸಿರು, ನೋಡಿದವರು ಅರಸೀಕೆರೆಗೆ ಮಳೆನೇ ಬಂದಿಲ್ಲ ಅನ್ಕೋತಾರೆ. ಹವಾಮಾನ ಇಲಾಖೆ ಲೆಕ್ಕದಲ್ಲಿ -20ರಿಂದ -59 ಬರೀ ಕೊರತೆ, -60 ಅಥವಾ ಅದಕ್ಕಿಂತ ಕೆಳಗೆ ಹೋದ್ರೆ ಮಾತ್ರ ತೀವ್ರ ಕೊರತೆ. ಹಾಗಾಗಿ ಈ ಡೇಟಾಗೆ ನಾನು ಟೂಸ್ಲೋಪ್ ಬೇಡ ಅಂತೀನಿ. 3.4ರಿಂದ ಸೆಂಟರ್ಡ್‌ನಾರ್ಮ್ ಇದೆ, ಅದ್ರಲ್ಲಿ ವಿಸೆಂಟರ್ (ನಡು) 0, ಹಾಫ್‌ರೇಂಜ್ (ನಡುವಿಂದ ಎರಡೂ ಕಡೆ ಎಷ್ಟು ದೂರ) 100 ಕೊಡಿ. ಮಳೆ ಎಷ್ಟೇ ಕಮ್ಮಿ ಆದ್ರೂ -100ಕ್ಕಿಂತ ಕೆಳಗೆ ಹೋಗಲ್ಲ, ಮೇಲ್ಗಡೆ ಮಾತ್ರ ಮಿತಿ ಇಲ್ಲ, ಅದಕ್ಕೆ 100 ದಾಟಿದ್ದೆಲ್ಲ ಕೊನೇ ಬಣ್ಣನೇ ಇರಲಿ, ಕಲರ್‌ಬಾರ್‌ಗೆ (ಪಕ್ಕದ ಬಣ್ಣದ ಪಟ್ಟಿ) ಎಕ್ಸ್‌ಟೆಂಡ್ ಮ್ಯಾಕ್ಸ್ ಅಂತ ಹಾಕಿ, ತುದೀಲಿ ಬಾಣದ ಥರ ಬರತ್ತೆ. ಪೈಥಾನ್ ಬದಲು ಡಿ3 (ವೆಬ್ ಪೇಜಲ್ಲಿ ಮ್ಯಾಪ್ ಬರೆಯೋ ಜಾವಾಸ್ಕ್ರಿಪ್ಟ್ ಲೈಬ್ರರಿ) ಆದ್ರೆ ಸ್ಕೇಲ್‌ಡೈವರ್ಜಿಂಗ್‌ಗೆ ಡೊಮೈನ್ -100, 0, 100 ಕೊಟ್ಟು ಕ್ಲ್ಯಾಂಪ್ ಆನ್ ಮಾಡಿ, 100 ದಾಟಿದ್ದು ಕೊನೇ ಬಣ್ಣದಲ್ಲೇ ನಿಲ್ಲತ್ತೆ.

ಅರ್ಧ ಮಳೆ ಅಂದ್ರೆ -50, ಎರಡು ಪಟ್ಟು ಅಂದ್ರೆ +100, ಇವೆರಡೂ ಒಂದೇ ದೂರ ಕಾಣಬೇಕು ಅಂದ್ರೆ ಬಂದ ಮಳೆನ ವಾಡಿಕೆಯಿಂದ ಭಾಗಿಸಿ ಲಾಗ್ ತಗೋಬೇಕು. ಇಡೀ ಮುಂಗಾರಿಗೆ ಚೆನ್ನಾಗಿರತ್ತೆ, ವಾರದ ಲೆಕ್ಕಕ್ಕೆ ಬೇಡ, ಒಂದು ಹನಿನೂ ಬೀಳದ ವಾರ ಇದ್ರೆ ಸೊನ್ನೆಗೆ ಲಾಗ್ ಇಲ್ಲ.

ಬಣ್ಣ ದಯವಿಟ್ಟು ಬದಲಾಯಿಸ್ಬೇಡಿ, ಕಾಮೆಂಟಲ್ಲಿ ಒಬ್ರು ಕೆಂಪು-ಹಳದಿ-ಹಸಿರು ಹಾಕಿ ಅಂದಿದಾರೆ. ಕೆಂಪು ಹಸಿರು ವ್ಯತ್ಯಾಸ ಕಾಣದೇ ಇರೋರು, ಅದ್ರಲ್ಲೂ ಗಂಡಸರು, ನೀವಂದ್ಕೊಂಡಿದ್ದಕ್ಕಿಂತ ಜಾಸ್ತಿ ಇದಾರೆ. ಅದಕ್ಕಿಂತ ಮುಖ್ಯ, ಹಸಿರು ಅಂದ್ರೆ ಎಲ್ಲ ಚೆನ್ನಾಗಿದೆ ಅಂತ ಓದ್ತಾರೆ, +110 ಅಂದ್ರೆ ಸಕಲೇಶಪುರದ ಕಾಫಿ ತೋಟದವರಿಗೆ ಕೊಳೆರೋಗದ ಚಿಂತೆ, ಈ ಕಡೆ ಆಲೂಗಡ್ಡೆ ಹಾಕಿದವರಿಗೆ ಅಂಗಮಾರಿ ಭಯ. ಇಲ್ಲಿ ಎರಡು ತುದಿನೂ ಕಷ್ಟನೇ, ಅದನ್ನ ಮ್ಯಾಪ್ ಮುಚ್ಚಿಡಬಾರದು.

ಇನ್ನೊಂದು, ಒಟ್ಟು ಮಳೆ ಮಿಲಿಮೀಟರಲ್ಲಿ ತೋರಿಸೋ ಮ್ಯಾಪ್‌ಗೂ ಇದೇ ಸ್ಕೇಲ್ ಹಾಕ್ಬೇಡಿ. ಅಲ್ಲಿ ನಡು ಅಂತ ಏನೂ ಇಲ್ಲ, ತಿಳಿಯಿಂದ ಕಡುವಾಗೋ ಒಂದೇ ಬಣ್ಣ ಸಾಕು.

ಡೇಟಾ ಬರದ ತಾಲೂಕು ಇದ್ರೆ ಜಿಯೋಪಾಂಡಾಸಲ್ಲಿ (ಪೈಥಾನಿನ ಮ್ಯಾಪ್ ಡೇಟಾ ಲೈಬ್ರರಿ) ಮಿಸ್ಸಿಂಗ್ ಕೆಡಬ್ಲ್ಯುಡಿಎಸ್ ಅನ್ನೋ ಆಯ್ಕೆಗೆ ಬೂದು ಬಣ್ಣ ಕೊಡಿ, ಇಲ್ಲ ಅಂದ್ರೆ ಅದು ಖಾಲಿ ಬಿಳಿ ಜಾಗ ಆಗಿ ಉಳಿದು ವಾಡಿಕೆ ಮಳೆ ಬಂದಿರೋ ತಾಲೂಕು ಥರ ಕಾಣತ್ತೆ.