11ರ ಮೊದಲು ‘ಎ’ ಹಾಕಬೇಕಾ, ‘ಆ್ಯನ್’ ಹಾಕಬೇಕಾ?

ಪ್ರಶ್ನೆ: ಮನೆ ಬಾಡಿಗೆಗೆ ಕೊಡಲು ಇಂಗ್ಲಿಷ್‌ನಲ್ಲಿ ಜಾಹೀರಾತು ಬರೆದೆ. ‘ಎ 11 ಮಂತ್ ಅಗ್ರಿಮೆಂಟ್’ ಅಂತ ಹಾಕಿದ್ದೆ, ಮಗಳು ಅದನ್ನು ‘ಆ್ಯನ್’ ಅಂತ ತಿದ್ದಿದಳು. ಎ, ಇ, ಐ, ಒ, ಯು ಅಕ್ಷರ ಬಂದರೆ ‘ಆ್ಯನ್’ ಅಂತ ನಾವು ಶಾಲೆಯಲ್ಲಿ ಕಲಿತದ್ದು. ಅಂಕಿಯಲ್ಲಿ ಅಕ್ಷರವೇ ಇಲ್ವಲ್ಲ?
– ಓದುಗರು, ಮಲ್ಲೇಶ್ವರ

ಉತ್ತರ: ಮಗಳು ತಿದ್ದಿದ್ದೇ ಸರಿ. ಶಾಲೆಯ ಆ ನಿಯಮ ಅರ್ಧ ಮಾತ್ರ ಹೇಳುತ್ತದೆ, ಉಳಿದರ್ಧ ಯಾರೂ ಹೇಳಿಕೊಡದೆ ಎಷ್ಟೋ ಜನ ವರ್ಷಗಟ್ಟಲೆ ಅಳುಕುತ್ತಾ ಬರೆಯುತ್ತಾರೆ ಅನ್ನುವುದು ನನಗೆ ನಿಜಕ್ಕೂ ಬೇಸರ. ಇಲ್ಲಿ ಲೆಕ್ಕಕ್ಕೆ ಬರುವುದು ಬಾಯಿಂದ ಹೊರಡುವ ಮೊದಲ ಸದ್ದು. ಅಂಕಿಯನ್ನು ಗಟ್ಟಿಯಾಗಿ ಓದಿ. ಸ್ವರದಿಂದ ಶುರುವಾದರೆ ‘ಆ್ಯನ್’, ಇಲ್ಲದಿದ್ದರೆ ‘ಎ’.

ಎರಡು ಸ್ವರ ಅಕ್ಕಪಕ್ಕ ಬಂದರೆ ನಾಲಿಗೆ ತಡವರಿಸುತ್ತದೆ. ಕನ್ನಡದಲ್ಲಿ ‘ಮನೆ’ಗೆ ‘ಅನ್ನು’ ಸೇರಿದಾಗ ನಡುವೆ ಯಕಾರ ಬಂದು ‘ಮನೆಯನ್ನು’ ಆಗುತ್ತದೆ, ಆಗಮಸಂಧಿ ನೆನಪಿದೆ ಅಲ್ವಾ? ಇಂಗ್ಲಿಷ್‌ನಲ್ಲಿ ಆ ಕೆಲಸ ಮಾಡುವುದು ‘ನ್’.

ಹಾಗೆ ಸ್ವರದಿಂದ ಶುರುವಾಗುವ ಸಂಖ್ಯೆಗಳು ಜಾಸ್ತಿ ಇಲ್ಲ. 8, 11, 18, 80ರಿಂದ 89, ಆಮೇಲೆ ಓದುವಾಗ ಇವೇ ಮೊದಲು ಬರುವ 800, 8,500, 11,000, 18 ಲಕ್ಷ ಇಂಥವು. ಉಳಿದದ್ದಕ್ಕೆಲ್ಲ ‘ಎ’. ಕೋರಮಂಗಲದಲ್ಲಿರುವುದು ‘ಆ್ಯನ್ 80 ಫೀಟ್ ರೋಡ್’, ಇಂದಿರಾನಗರದಲ್ಲಿರುವುದು ‘ಎ 100 ಫೀಟ್ ರೋಡ್’.

ಆದರೆ ಕನ್ನಡದವರಿಗೆ ಇಲ್ಲೊಂದು ತೊಡಕಿದೆ. ನಾವು ‘ಎಲ್ಲಿ’ ಅಂತ ಬರೆದರೂ ಮಾತಿನಲ್ಲಿ ಅದು ಹೆಚ್ಚುಕಡಿಮೆ ‘ಯೆಲ್ಲಿ’ ಆಗುತ್ತದೆ, ‘ಒಂದು’ ಹೋಗಿ ‘ವೊಂದು’ ಆಗುತ್ತದೆ. ಅದೇ ರೂಢಿಯಲ್ಲಿ ಇಂಗ್ಲಿಷ್‌ನ ‘ಎಯ್ಟ್’ ನಮ್ಮ ಬಾಯಲ್ಲಿ ‘ಯೆಯ್ಟ್’, ‘ಇಲೆವೆನ್’ ಎಷ್ಟೋ ಜನರ ಬಾಯಲ್ಲಿ ‘ಯೆಲೆವೆನ್’. ಹಾಗೆ ಹೇಳಿಕೊಂಡರೆ ಕಿವಿಗೆ ಯಕಾರ ಬೀಳುತ್ತದೆ, ‘ಎ’ ಸರಿ ಅನಿಸಿಬಿಡುತ್ತದೆ. ನಾಚಿಕೆ ಪಡುವಂಥದ್ದು ಇದರಲ್ಲಿ ಏನೂ ಇಲ್ಲ, ಅದು ನಮ್ಮ ನುಡಿಯ ಗುಣ. ಬರೆಯುವ ಹೊತ್ತಿಗೆ ಮಾತ್ರ ಆ ಯಕಾರ ಬಿಟ್ಟು ಹೇಳಿ ನೋಡಿ. 1ರ ಕಥೆ ಉಲ್ಟಾ. ಕನ್ನಡದಲ್ಲಿ ‘ಒನ್’ ಅಂತ ಬರೆಯುತ್ತೇವೆ, ಅದು ಸ್ವರ. ಇಂಗ್ಲಿಷ್‌ನವರು ಅನ್ನುವುದು ‘ವನ್’. ಅದಕ್ಕೇ ‘ಎ 1 ಬಿಎಚ್‌ಕೆ’, ‘ಎ ಒನ್‌ವೇ’.

ಇಸವಿಗೂ ಇದೇ ದಾರಿ. ಹೈಕೋರ್ಟ್ ಇರುವ ಅಠಾರ ಕಚೇರಿ ಕಟ್ಟಿ ಮುಗಿದದ್ದು 1868ರಲ್ಲಿ, ವಿಧಾನಸೌಧ 1956ರಲ್ಲಿ. ಮೊದಲನೆಯದನ್ನು ‘ಎಯ್ಟೀನ್ ಸಿಕ್ಸ್ಟಿ ಎಯ್ಟ್’ ಅಂತ ಓದುವುದರಿಂದ ‘ಆ್ಯನ್ 1868 ಬಿಲ್ಡಿಂಗ್’, ಎರಡನೆಯದು ‘ಎ 1956 ಬಿಲ್ಡಿಂಗ್’. ಅದೇ 1,868 ರೂಪಾಯಿಯ ಕರೆಂಟ್ ಬಿಲ್ ಆದರೆ ‘ವನ್ ಥೌಸಂಡ್’ ಅಂತ ಶುರು, ಆಗ ‘ಎ’.

ಪ್ರಶ್ನೆ: ಆಫೀಸಿನ ಮೇಲ್‌ನಲ್ಲಿ 80,000 ರೂಪಾಯಿಯ ಲ್ಯಾಪ್‌ಟಾಪ್ ಅಂತ ಬರೆಯುವಾಗ ಅಂಕಿಗಿಂತ ಮೊದಲು ರೂಪಾಯಿ ಗುರುತು ಬರುತ್ತದೆ. ಆಗ ‘ರು’ ನೋಡಿಕೊಂಡು ‘ಎ’ ಹಾಕಬೇಕಾ?
– ಓದುಗರು, ಜಯನಗರ

ಉತ್ತರ: ಬೇಡ. ಗುರುತು ಮೊದಲು ಬಂದರೂ ಓದುವುದು ‘ಎಯ್ಟಿ ಥೌಸಂಡ್’ ಅಂತಲೇ, ಹಾಗಾಗಿ ‘ಆ್ಯನ್’. ಲಕ್ಷದ ಲೆಕ್ಕದಲ್ಲಿ ಸ್ವಲ್ಪ ಜೋಪಾನ. ‘11 ಲಾಕ್ ಲೋನ್’ ಅಂತ ಬರೆದರೆ ‘ಆ್ಯನ್’ ಬರಬೇಕು. ಅದೇ ಮೊತ್ತವನ್ನು ಹೊರದೇಶದ ಕ್ಲೈಂಟ್‌ಗೆ ‘1.1 ಮಿಲಿಯನ್’ ಅಂತ ಕಳಿಸುವಾಗ ‘ವನ್ ಪಾಯಿಂಟ್ ವನ್’ ಆಗುತ್ತದೆ, ಅಲ್ಲಿ ‘ಎ’ ಹಾಕಿ.