'ನಿನ್ನನ್ನು ನೀನು ಅರಿ': ಒಬ್ಬನೇ ಕೂತು ಯೋಚಿಸಿದರೆ ಸಾಕೇ?

ಪ್ರಶ್ನೆ: 'ನಿನ್ನನ್ನು ನೀನು ಅರಿ' ಎಂದು ಸಾಕ್ರಟೀಸ್ ಹೇಳಿದನಂತೆ. ದಿನಾ ಸ್ವಲ್ಪ ಹೊತ್ತು ಸುಮ್ನೆ ಕೂತು ನನ್ನ ಮನಸ್ಸನ್ನು ಗಮನಿಸುತ್ತಿದ್ದೇನೆ. ಅವನು ಹೇಳಿದ್ದು ಇದನ್ನೇ ಅಲ್ವಾ?

ಉತ್ತರ: ನಿಮ್ಮ ಅಭ್ಯಾಸ ಒಳ್ಳೆಯದೇ, ಬಿಡಬೇಡಿ. ಆದರೆ ಸಾಕ್ರಟೀಸನ ದಾರಿ ಬೇರೆ. ಈ ಮಾತೂ ಅವನದ್ದಲ್ಲ. ಅವನಿಗಿಂತ ಹಳೆಯದು, ಗ್ರೀಸಿನ ಡೆಲ್ಫಿ ಎಂಬಲ್ಲಿನ ಅಪೊಲೊ ದೇವರ ದೇವಸ್ಥಾನದಲ್ಲಿ ಬರೆದಿತ್ತು. ಜೊತೆಗೆ 'ಯಾವುದೂ ಅತಿಯಾಗದಿರಲಿ' ಎಂಬ ಮಾತೂ ಇತ್ತು. ನೀನು ದೇವರಲ್ಲ, ಮನುಷ್ಯ, ನಿನ್ನ ಅಳತೆ ತಿಳಿದಿರು ಎಂದು ಬಂದವರಿಗೆ ನೆನಪಿಸುವ ಮಾತು ಅದು.

ಸಾಕ್ರಟೀಸ್ ಅದನ್ನು ಹೇಗೆ ಬಳಸಿದ ಎಂಬುದಕ್ಕೆ ಅವನ ಶಿಷ್ಯ ಕ್ಸೆನೊಫೋನ್ ಬರೆದಿಟ್ಟ ಒಂದು ಪ್ರಸಂಗ ನನಗೆ ತುಂಬ ಇಷ್ಟ. ಯೂಥಿಡೆಮಸ್ ಎಂಬ ಹುಡುಗ. ರಾಶಿ ಪುಸ್ತಕ ಕೂಡಿಟ್ಟಿದ್ದ, ಓರಗೆಯವರಲ್ಲಿ ತಾನೇ ಜಾಣ ಎಂದುಕೊಂಡಿದ್ದ. ಸುಳ್ಳು, ಮೋಸ, ಕಳ್ಳತನ ನ್ಯಾಯವೋ ಅನ್ಯಾಯವೋ ಎಂದು ಸಾಕ್ರಟೀಸ್ ಕೇಳುತ್ತಾನೆ. ಅನ್ಯಾಯ ಎಂದು ಹುಡುಗ ಥಟ್ಟನೆ ಹೇಳುತ್ತಾನೆ. ಹಾಗಾದರೆ ಔಷಧಿ ಒಲ್ಲೆ ಎನ್ನುವ ಮಗನಿಗೆ ಅಪ್ಪ ಅದನ್ನು ಊಟ ಎಂದು ಹೇಳಿ ಕೊಟ್ಟರೆ? ಮನನೊಂದ ಗೆಳೆಯ ಸಾಯಲು ಹೊರಟಾನೆಂದು ಹೆದರಿ ಅವನ ಕತ್ತಿಯನ್ನು ಕದ್ದಿಟ್ಟರೆ? ಹುಡುಗ ಉತ್ತರ ಬದಲಿಸುತ್ತಾ ಹೋಗುತ್ತಾನೆ, ಕೊನೆಗೆ ತನ್ನ ಉತ್ತರದ ಮೇಲೆ ತನಗೇ ನಂಬಿಕೆ ಉಳಿಯುವುದಿಲ್ಲ.

ಆಗ ಸಾಕ್ರಟೀಸ್ ಕೇಳುವುದು: ಡೆಲ್ಫಿಗೆ ಹೋಗಿದ್ದೀಯಾ? ಎರಡು ಸಲ ಹೋಗಿದ್ದೇನೆ. ಅಲ್ಲಿನ ಬರಹ ನೋಡಿದೆಯಾ? ನೋಡಿದೆ. ನೀನು ಯಾರೆಂದು ಪರೀಕ್ಷಿಸಿಕೊಂಡೆಯಾ? ಇಲ್ಲ, ಅಷ್ಟು ನನಗೆ ಗೊತ್ತೇ ಇದೆ ಎಂದುಕೊಂಡಿದ್ದೆ.

ಕುದುರೆ ಕೊಳ್ಳುವವನು ಅದು ಮಾತು ಕೇಳುತ್ತದೋ ಹಟಮಾರಿಯೋ, ಗಟ್ಟಿಯೋ ಸೊರಗಿದ್ದೋ, ಎಷ್ಟು ಚುರುಕು ಎಂದು ನೋಡದೆ ಅದರ ವಿಚಾರ ಗೊತ್ತು ಎನ್ನುವುದಿಲ್ಲ. ನಿನ್ನನ್ನೂ ಹಾಗೇ ನೋಡಿಕೋ, ಯಾವ ಕೆಲಸಕ್ಕೆ ಆಗುತ್ತೀಯ, ಎಷ್ಟು ಶಕ್ತಿ ಇದೆ ಎನ್ನುತ್ತಾನೆ ಸಾಕ್ರಟೀಸ್.

ಗಮನಿಸಿ, ಈ ಹುಡುಗ ಒಬ್ಬನೇ ಕೂತು ಎಷ್ಟೇ ಯೋಚಿಸಿದ್ದರೂ ಈ ಪೆಟ್ಟು ಬೀಳುತ್ತಿರಲಿಲ್ಲ. ತಾನು ಜಾಣ ಎಂಬ ನಂಬಿಕೆಯನ್ನೇ ಇನ್ನಷ್ಟು ಗಟ್ಟಿ ಮಾಡಿಕೊಳ್ಳುತ್ತಿದ್ದ. ಅದು ಅಲುಗಾಡಿದ್ದು ಇನ್ನೊಬ್ಬ ಎದುರು ಕೂತು ಕೇಳಿದಾಗ. ಸಾಕ್ರಟೀಸನ ಇನ್ನೊಬ್ಬ ಶಿಷ್ಯ ಪ್ಲೇಟೋನ ಹೆಸರಿನಲ್ಲಿರುವ 'ಆಲ್ಸಿಬಯಾಡೀಸ್' ಸಂವಾದದಲ್ಲೂ ಇದೇ ಇದೆ: ಕಣ್ಣು ತನ್ನನ್ನು ತಾನು ನೋಡಬೇಕಾದರೆ ಇನ್ನೊಂದು ಕಣ್ಣಿನ ಪಾಪೆಯನ್ನು ನೋಡಬೇಕು. (ಅದು ಪ್ಲೇಟೋನದ್ದೇ ಹೌದಾ ಎಂಬ ವಾದ ಇನ್ನೂ ಮುಗಿದಿಲ್ಲ.)

ಎಲ್ಲ ಗ್ರೀಕರೂ ಹೀಗೇ ಎಂದಲ್ಲ. ಸಾಕ್ರಟೀಸನಿಗೂ ಮೊದಲೇ ಹೆರಾಕ್ಲಿಟಸ್ ಎಂಬ ಗ್ರೀಕ್ ತತ್ವಜ್ಞಾನಿ 'ನನ್ನನ್ನೇ ನಾನು ಹುಡುಕಿದೆ' ಎಂದಿದ್ದ. ನಿಮ್ಮ ಅಭ್ಯಾಸಕ್ಕೆ ಅವನೇ ಹತ್ತಿರ.

ಸಾಕ್ರಟೀಸನ ದಾರಿಯನ್ನೂ ನೋಡಬೇಕೆಂದಿದ್ದರೆ, ನೀವು ಖಚಿತವಾಗಿ ನಂಬಿರುವ ಒಂದು ವಿಷಯವನ್ನು ಮುಲಾಜಿಲ್ಲದೆ ಪ್ರಶ್ನೆ ಕೇಳುವ ಗೆಳೆಯರ ಮುಂದಿಡಿ. ಅಂದಹಾಗೆ, ಪೆಟ್ಟು ತಿಂದವರು ಎಷ್ಟೋ ಜನ ಆಮೇಲೆ ಸಾಕ್ರಟೀಸನ ಹತ್ತಿರ ಸುಳಿಯಲಿಲ್ಲವಂತೆ. ಯೂಥಿಡೆಮಸ್ ಮಾತ್ರ ಅವನ ಜೊತೆ ಬಿಡಲಿಲ್ಲ.