ಇರುವ ಕಾನೂನುಗಳು ಸಾಲದೆ?

ದೂರಸಂಪರ್ಕ, ತೆರಿಗೆ ಮತ್ತು ಗ್ರಾಹಕ ರಕ್ಷಣೆಗೆ ಈಗಾಗಲೇ ಕಾನೂನುಗಳಿರುವಾಗ ಡಿಜಿಟಲ್ ಆರ್ಥಿಕತೆಗೆಂದು ಪ್ರತ್ಯೇಕ ರಾಷ್ಟ್ರೀಯ ಕಾರ್ಯನೀತಿ ಏಕೆ ಬೇಕೆಂದು ತಾವು ಕೇಳಿದ್ದೀರಿ. ಅವು ಬೇರೆ ಬೇರೆ ಇಲಾಖೆಗಳ ಕೈಯಲ್ಲಿರುವುದೇ ತೊಡಕಿನ ಮೂಲವೆಂದು ನನ್ನ ಅಭಿಪ್ರಾಯ. ಒಂದೇ ಆನ್‌ಲೈನ್ ಮಾರಾಟದಲ್ಲಿ ಪಾವತಿ, ದತ್ತಾಂಶ, ತೆರಿಗೆ ಎಲ್ಲವೂ ಹೆಣೆದುಕೊಂಡಿರುವಾಗ, ಪ್ರತಿ ಇಲಾಖೆಯೂ ತನ್ನದೇ ನಿಯಮ ರೂಪಿಸಿದರೆ ನಡುವಿನ ಲೋಪಗಳಿಗೆ ಯಾರೂ ಹೊಣೆಯಾಗುವುದಿಲ್ಲ. ಎಸ್ಟೋನಿಯಾ 2001ರಲ್ಲೇ ಎಕ್ಸ್-ರೋಡ್ ಎಂಬ ವಿನಿಮಯ ವ್ಯವಸ್ಥೆಯನ್ನು ಆರಂಭಿಸಿ, ಇಲಾಖೆಗಳ ದತ್ತಾಂಶವು ಆಯಾ ಸ್ಥಳದಲ್ಲೇ ಉಳಿದು ಸುರಕ್ಷಿತವಾಗಿ ಹಂಚಿಕೆಯಾಗುವಂತೆ ಮಾಡಿತು; ಇಂತಹ ಕೆಲಸದಲ್ಲಿ ತಂತ್ರಜ್ಞಾನಕ್ಕಿಂತ ಇಲಾಖೆಗಳ ಒಮ್ಮತವೇ ಕಠಿಣ. ತೆರಿಗೆಯಂತೂ ಗಡಿಯನ್ನೇ ಮೀರಿದ ವಿಷಯ: 2021ರಲ್ಲಿ 130ಕ್ಕೂ ಹೆಚ್ಚು ದೇಶಗಳು ಬೃಹತ್ ಬಹುರಾಷ್ಟ್ರೀಯ ಕಂಪನಿಗಳ ಮೇಲೆ ಕನಿಷ್ಠ ಶೇ. 15ರಷ್ಟು ತೆರಿಗೆಗೆ ಒಪ್ಪಿದವು. ಇಂತಹ ಮಾತುಕತೆಗೆ ಕೂರುವ ಸರ್ಕಾರವು ತನ್ನ ಹಿತಾಸಕ್ತಿಯನ್ನು ಮೊದಲೇ ನಿರ್ಧರಿಸಿಕೊಂಡಿರಬೇಕಾಗುತ್ತದೆ. ಆದರೆ ಯಾವ ಇಲಾಖೆ, ಯಾವ ಗಡುವಿನೊಳಗೆ, ಯಾವ ಅನುದಾನದಿಂದ ಎಂಬುದನ್ನು ಹೇಳದ ಕಾರ್ಯನೀತಿಯ ಬಗ್ಗೆ ನಿಮ್ಮ ಸಂದೇಹವೇ ನನ್ನದೂ ಹೌದು.